ಟ್ರಂಕಮ್ಮನ ಗಂಟಲು

ಮುಖ ನೋಡದೆಯೇ ಊರೆಲ್ಲ ಗುರುತು ಹಿಡಿಯುತ್ತಿದ್ದ ಹೆಂಗಸು ನಮ್ಮ ಟ್ರಂಕಮ್ಮ. ಅಂಗಡಿಯಲ್ಲಿ ನಿಂತು "ಅರ್ಧ ಕಿಲೋ ಸಕ್ಕರೆ ಕೊಡಿ" ಅಂದರೆ ಸಾಕು, ಪಕ್ಕದ ಗಿರಾಕಿ ತಟ್ಟನೆ ತಿರುಗಿ "ಟೆಲಿಫೋನ್ ಆಫೀಸಿನವರಲ್ವಾ ನೀವು?" ಎಂದು ಕೇಳುತ್ತಿದ್ದ. ಅವಳ ದನಿ ಜೇನಿನಂತೆ ಇತ್ತು ಅಂತೇನೂ ನಾನು ಹೇಳುವುದಿಲ್ಲ. ಜೇನು ದನಿಯ ಹುಡುಗಿಯರು ನಮ್ಮಲ್ಲಿ ಬೇಕಾದಷ್ಟಿದ್ದರು, ಅವರು ಹೇಳಿದ ನಂಬರು ಒಬ್ಬರಿಗೂ ಅರ್ಥವಾಗುತ್ತಿರಲಿಲ್ಲ. ಇವಳದು ತೊಳೆದು ಬೋರಲು ಹಾಕಿದ ಲೋಟದಂಥ ದನಿ, ಚೊಕ್ಕ. ಒಂದು ಸಲ ಹೇಳಿದರೆ ಕಿವುಡರಿಗೂ ಕೇಳಬೇಕು.

ನಾವು ಮೂವರೂ ಕೆಲಸ ಮಾಡಿದ್ದು ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ಮನುಷ್ಯರು ಕೈಯಿಂದ ಲೈನು ಜೋಡಿಸಿಕೊಡುತ್ತಿದ್ದ ಕಾಲದಲ್ಲಿ. ನಾನು ಊರೊಳಗಿನ ಕರೆಗಳ ಬೋರ್ಡಿಗೆ. ಅವಳು ಟ್ರಂಕ್ ಬೋರ್ಡಿಗೆ, ಅಂದರೆ ಪರವೂರಿನ ಕರೆಗಳಿಗೆ. ಹೆಸರು ಬಂದದ್ದೂ ಅಲ್ಲಿಂದಲೇ. ಮೂರನೆಯವರು ನಮ್ಮ ಬೆನ್ನ ಹಿಂದೆ. ನಿಜವಾಗಿಯೂ ಬೆನ್ನ ಹಿಂದೆಯೇ, ಏಕೆಂದರೆ ಅವರು ನಮ್ಮ ಸೂಪರ್‌ವೈಸರ್. ರಬ್ಬರ್ ಅಟ್ಟೆಯ ಚಪ್ಪಲಿ ಮೆಟ್ಟಿಕೊಂಡು ಬೆಕ್ಕಿನ ಹಾಗೆ ಅಡ್ಡಾಡುತ್ತಿದ್ದರು. ಎಲ್ಲರೂ ನಿವೃತ್ತಿಯಾಗಿ, ತಲೆಯೆಲ್ಲ ಬೆಳ್ಳಗಾದ ಮೇಲೂ ನಾವಿಬ್ಬರೂ ಅವರನ್ನು ಕರೆಯುವುದು ಮೇಡಂ ಎಂದೇ. ಬೇರೆ ಹೆಸರು ಬಾಯಿಗೆ ಬರುವುದೇ ಇಲ್ಲ.

ನಮ್ಮ ಕೋಣೆ ಉದ್ದಕ್ಕಿತ್ತು. ಧೂಳು ಬಾರದಿರಲೆಂದು ಕಿಟಕಿಗಳನ್ನು ಸದಾ ಮುಚ್ಚಿರುತ್ತಿದ್ದರು, ಎತ್ತರದ ಸ್ಟೂಲುಗಳ ಮೇಲೆ ನಾವು ಸಾಲಾಗಿ ಬೆವರುತ್ತ ಕೂತಿರುತ್ತಿದ್ದೆವು. ಎದುರಿಗೆ ತೂತುತೂತಿನ ಬೋರ್ಡು, ತೂತಿಗೊಂದು ಪುಟ್ಟ ದೀಪ. ದೀಪ ಹತ್ತಿತೆಂದರೆ ಯಾರೋ ಫೋನು ಎತ್ತಿದ್ದಾರೆ. ಒಂದು ಪ್ಲಗ್ಗು ಆ ತೂತಿಗೆ, ಅದರ ಜೊತೆಯದು ಅವರಿಗೆ ಬೇಕಾದವರ ತೂತಿಗೆ. ಎರಡೂ ಕಡೆಯಿಂದ "ಹಲೋ" ಬಂದರೆ ನಾವು "ಮಾತಾಡಿ" ಅನ್ನಬೇಕು, ಕೀ ತಿರುಗಿಸಿ ಲೈನಿನಿಂದ ಹೊರಗೆ ಬರಬೇಕು. "ಮಾತಾಡಿ" ಅಂದ ಮೇಲೆ ಒಂದು ಉಸಿರಿನಷ್ಟು ಹೊತ್ತೂ ಅಲ್ಲಿರುವ ಹಾಗಿಲ್ಲ.

"ಅವರ ಮನೆ ಬಾಗಿಲು ತೆಗೆದುಕೊಟ್ರಿ, ನಿಮ್ಮ ಕೆಲಸ ಮುಗೀತು," ಎನ್ನುತ್ತಿದ್ದರು ಮೇಡಂ. "ಒಳಗೆ ಹೋಗಿ ಚಾಪೆ ಹಾಸ್ಕೊಂಡು ಕೂತ್ಕೋಬೇಡಿ."

ಲೈನಿನಲ್ಲಿ ಉಳಿದು ಸಿಕ್ಕಿಬಿದ್ದವಳಿಗೆ ಕೂಡಲೇ ಮೆಮೊ. ಆದರೆ ಕಿವಿಗೆ ರೆಪ್ಪೆಯಿಲ್ಲವಲ್ಲ! ಆ ಮೊದಲ ಹಲೋದಲ್ಲೇ ಅರ್ಧ ಕಥೆ ತಿಳಿದುಬಿಡುತ್ತಿತ್ತು. ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರ ಮನೆಯಲ್ಲಿ ಯಾರು ಹೋದರು, ಯಾವ ಅಣ್ಣತಮ್ಮಂದಿರಿಗೆ ಮಾತು ಬಿಟ್ಟಿದೆ, ಎಲ್ಲ ನಮಗೆ ಮೊದಲು ಗೊತ್ತು. ಹೊರಗೆ ಮಾತ್ರ ತುಟಿಪಿಟಕ್ ಎನ್ನುತ್ತಿರಲಿಲ್ಲ. ಕಿವಿಗೆ ಬಿದ್ದದ್ದು ಬಿದ್ದಿಲ್ಲ, ಅಷ್ಟೆ.

ಆ ಚಾಳಿ ನಮ್ಮ ನಮ್ಮ ನಡುವೆಯೂ ಬಂದುಬಿಟ್ಟಿತು. ನನ್ನ ನಿಶ್ಚಯವಾಗಿದ್ದ ಮದುವೆ ಮುರಿದುಬಿತ್ತು. ಆ ಸುದ್ದಿ ಬಂದದ್ದೇ ಟ್ರಂಕ್ ಕಾಲಿನಲ್ಲಿ. ಲೈನು ಕೊಟ್ಟವಳು ಇವಳೇ, ಹಿಂದೆ ನಿಂತಿದ್ದವರು ಮೇಡಂ. ಇಬ್ಬರೂ ಅದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಟ್ರಂಕಮ್ಮ ಮಾತ್ರ ಆ ವಾರವೆಲ್ಲ ನನ್ನ ಟೀ ತಾನೇ ತಂದು ಬೋರ್ಡಿನ ಪಕ್ಕ ಇಟ್ಟಳು. ಮೇಡಂ ನನಗೆ ಬೆಳಗಿನ ಪಾಳಿ ಹಾಕಿದರು, ನಾನು ಕೇಳದೆಯೇ. ನಮ್ಮ ಪ್ರೀತಿ ಆ ಥರದ್ದು.

ಟ್ರಂಕಮ್ಮನ ಮದುವೆಯ ಕಥೆ ಇದಕ್ಕಿಂತ ಚೆಂದ. ಊರಿನ ಲೈನ್‌ಮನ್ ಒಬ್ಬ ಕಂಬ ಹತ್ತಿ, ರಿಪೇರಿ ಮಾಡಿ, ಅಲ್ಲಿಂದಲೇ ಎಕ್ಸ್‌ಚೇಂಜಿಗೆ ಫೋನು ಮಾಡಿ "ಲೈನ್ ಸರಿಯಾಗಿದ್ಯಾ?" ಎಂದು ಕೇಳುವುದು ಪದ್ಧತಿ. ಒಂದು ವರ್ಷ ಅವನು ಕೆಡದ ಲೈನುಗಳನ್ನೂ ರಿಪೇರಿ ಮಾಡತೊಡಗಿದ. ಮಳೆಯಲ್ಲಿ ಕಂಬದ ಮೇಲೆ ಕೂತು "ಈಗ ಸರಿಯಾಗಿದ್ಯಾ?", ಬಿಸಿಲಲ್ಲಿ ಕೂತು "ಈಗಲೋ?" ಕೊನೆಗೆ ಮೇಡಂ ಒಂದು ದಿನ ಟ್ರಂಕಮ್ಮನ ಹಿಂದೆ ಬಂದು ನಿಂತು, "ಅವನಿಗೆ ಹೂಂ ಅಂದುಬಿಡು, ಇಳೀಲಿ ಪಾಪ," ಎಂದರು. ಲೈನ್‌ಮನ್ ಒಳ್ಳೆಯವನು. ಆರು ವರ್ಷದ ಹಿಂದೆ ಹೋಗಿಬಿಟ್ಟ. ಒಬ್ಬಳೇ ಮಗಳು, ಅವಳೀಗ ಸ್ಕೂಲಿನಲ್ಲಿ ಟೀಚರ್. ಟ್ರಂಕಮ್ಮ ಮಗಳು ಅಳಿಯನ ಜೊತೆ ಇದ್ದಾಳೆ.

ಆಮೇಲೆ ಲೈನು ತಾನೇ ಜೋಡಿಸುವ ಯಂತ್ರ ಬಂತು, ಬೋರ್ಡುಗಳು ಗುಜರಿಗೆ ಹೋದವು. ಅವಳನ್ನು ವಿಚಾರಣೆ ಕೌಂಟರಿಗೆ ಹಾಕಿದರು, ಅಲ್ಲಿಂದ ದೂರಿನ ವಿಭಾಗಕ್ಕೆ. ಜನ ಬೈಯುವುದನ್ನು ಕೇಳುವುದೇ ಕೆಲಸ. ಆ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡಿ ಮನೆಗೆ ಬಂದಳು. ಉಳಿದದ್ದು ಒಂದೇ ಒಂದು ಅಭ್ಯಾಸ. ಮೊಬೈಲಿನಲ್ಲಿ ಎಲ್ಲರಂತೆ ಮಾತಾಡುತ್ತಾಳೆ. ಆದರೆ ಕೈಗೆ ಹಳೆಯ ಕಾಲದ ಭಾರದ ರಿಸೀವರ್ ಸಿಕ್ಕಿತೋ, ಆ ಕಡೆಯಿಂದ "ಹಲೋ" ಕೇಳಿಸಿತೋ, "ಮಾತಾಡಿ" ಎಂದು ಹೇಳಿ ಇಟ್ಟೇಬಿಡುತ್ತಾಳೆ. ಕರೆ ಮಾಡಿದವರು ಯಾರ ಜೊತೆ ಮಾತಾಡಬೇಕು, ಗೋಡೆ ಜೊತೆಯೇ? ಅಳಿಯ ಸ್ವಲ್ಪ ದಿನ ನೋಡಿ, ಮನೆಯ ಫೋನನ್ನೇ ತೆಗೆಸಿಹಾಕಿದ.

ಹಡಗಿನ ಪ್ರವಾಸದ ಹುಚ್ಚು ಮೇಡಂಗೆ ಹತ್ತಿದ್ದು. ಜೀವನವಿಡೀ ಜನರನ್ನು ದೂರದೂರಕ್ಕೆ ಸೇರಿಸಿದ್ದೇವೆ, ನಾವು ಮಾತ್ರ ಕೂತಲ್ಲೇ ಕೂತಿದ್ದೇವೆ ಎಂಬುದು ಅವರ ವಾದ. ಟ್ರಂಕಮ್ಮನನ್ನೂ, ಬಕೆಟಿನ ನೀರು ಅಲ್ಲಾಡಿದರೂ ತಲೆ ಸುತ್ತುವ ನನ್ನನ್ನೂ ಎಳೆದುಕೊಂಡು ಹೊರಟರು. ಹೊರಡುವ ಹಿಂದಿನ ದಿನ, ಎಷ್ಟು ಬಟ್ಟೆ ತರಬೇಕೆಂದು ಕೇಳಲು ಟ್ರಂಕಮ್ಮನಿಗೆ ಫೋನು ಮಾಡಿದೆ. ಮಾತಿನ ನಡುವೆ ಹಿಂದಿನಿಂದ ಮಗಳ ದನಿ ಬಂತು: "ಅಮ್ಮ, ಗಂಟಲಿನ ರಿಪೋರ್ಟ್ ಬರೋ ಹೊತ್ತಿಗೆ ನೀನು ಆ ದ್ವೀಪದಲ್ಲಿರ್ತೀಯ. ಅಲ್ಲಿಂದ ಫೋನ್ ಮಾಡು. ಪರೀಕ್ಷೆಗೆ ತುಂಡು ತೆಗೆದಿದ್ದಾರೆ ಅಂದ ಮಾತ್ರಕ್ಕೆ ಅದೇ ಕಾಯಿಲೆ ಅಂತಲ್ಲ." ಟ್ರಂಕಮ್ಮ ತಟಕ್ಕನೆ ರಿಪೋರ್ಟಿನಿಂದ ಸ್ವೆಟರಿಗೆ ಹಾರಿದಳು. "ಸ್ವೆಟರ್ ಬೇಡ ಕಣೇ, ಅಲ್ಲಿ ಸೆಖೆಯಂತೆ," ಎಂದಳು. ನಾನೂ "ಹೌದಾ, ಸರಿ," ಎಂದೆ. ಕಿವಿಗೆ ಬಿದ್ದದ್ದು ಬಿದ್ದಿಲ್ಲ.

ಬಿದ್ದಿಲ್ಲ ಅಂದರೆ ಆಯಿತೇ? ಹಡಗಿನಲ್ಲಿ ನಮ್ಮ ಮೂವರಿಗೂ ಸೇರಿ ಒಂದೇ ಪುಟ್ಟ ಕೋಣೆ, ಒಬ್ಬರು ಎದ್ದರೆ ಇನ್ನೊಬ್ಬರು ಕೂರಬೇಕು. ಅರಳು ಹುರಿದಂತೆ ಮಾತಾಡುತ್ತಿದ್ದವಳು ಲವಂಗ ಬಾಯಿಗೆ ಹಾಕಿಕೊಂಡು ಸುಮ್ಮನೆ ಕೂತಿರುತ್ತಿದ್ದಳು. ಮಾತಾಡಿದರೂ ದನಿ ಜಲ್ಲಿಯ ಮೇಲೆ ಚಕ್ರ ಉರುಳಿದ ಹಾಗೆ. "ಈ ಹಾಳು ತಣ್ಣನೆ ಗಾಳಿ," ಎಂದು ಕೋಣೆಯ ಏಸಿಯನ್ನು ಬೈಯುತ್ತಿದ್ದಳು. ಮೇಡಂ ಮರುಮಾತಾಡದೆ ಏಸಿ ಆರಿಸಿದರು. ಸಮುದ್ರದ ಮಧ್ಯೆ ಮೊಬೈಲಿಗೆ ಸಿಗ್ನಲ್ಲಿಲ್ಲ. ಆದರೂ ಟ್ರಂಕಮ್ಮ ಅದನ್ನು ಚೀಲದಿಂದ ತೆಗೆಯುವಳು, ನೋಡುವಳು, ಒಳಗಿಡುವಳು. ನಾನು ಸೆಖೆಯಲ್ಲಿ ಬೇಯುತ್ತ, ಗೋಡೆಗೆ ಮುಖ ಮಾಡಿ ಮಲಗಿ, ಇವಳಿಗೇನಾದರೂ ಆದರೆ ನನಗೆ ಇನ್ಯಾರಿದ್ದಾರೆ ಎಂದುಕೊಳ್ಳುತ್ತಿದ್ದೆ. ಏನಾಯಿತೆಂದು ಮೇಡಂ ಕೇಳಿದರೆ ಅಲೆಗಳ ಮೇಲೆ ಹಾಕುತ್ತಿದ್ದೆ.

ದ್ವೀಪ ಬಂತು. ಹಡಗು ದೂರದಲ್ಲೇ ನಿಂತು, ಸಣ್ಣ ದೋಣಿಗಳಲ್ಲಿ ನಮ್ಮನ್ನು ದಡಕ್ಕೆ ಬಿಟ್ಟರು. ಅಂಥ ನೀರನ್ನು ನಾನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದೆ. ದಡದ ಹತ್ತಿರ ಗಾಜಿನ ಹಾಗೆ ತಿಳಿ, ಆಚೆಗೆ ಹಸಿರು, ಇನ್ನೂ ಆಚೆಗೆ ಶಾಯಿ ಚೆಲ್ಲಿದ ಹಾಗೆ ನೀಲಿ. ಸಾಲು ತೆಂಗಿನ ಮರಗಳು, ಕಣ್ಣು ಕುಕ್ಕುವ ಬಿಳಿ ಮರಳು, ಮರಳಿನ ಹಿಂದೆ ಬಣ್ಣಬಣ್ಣದ ಬಾಗಿಲುಗಳ ಒಂದು ಬೀದಿ. ಗಾಳಿ ಬೆಚ್ಚಗೆ ಉಪ್ಪುಪ್ಪಾಗಿತ್ತು. ಎಲ್ಲರೂ ಆಹಾ ಓಹೋ ಎಂದು ಫೋಟೋ ತೆಗೆಯುತ್ತಿದ್ದರು. ಟ್ರಂಕಮ್ಮ ಮೊಬೈಲನ್ನು ಎತ್ತಿ ಹಿಡಿದಾಗ ಅವಳೂ ಫೋಟೋ ತೆಗೆಯುತ್ತಿದ್ದಾಳೆ ಎಂದುಕೊಳ್ಳಬೇಕು. ಅವಳು ಹುಡುಕುತ್ತಿದ್ದದ್ದು ಸಿಗ್ನಲ್ಲು. ಅದು ಅಲ್ಲೂ ಇರಲಿಲ್ಲ. ನಮ್ಮ ಸಿಮ್ಮಿಗೆ ಆ ದ್ವೀಪದ ಗುರುತೇ ಇಲ್ಲ.

ಮೇಡಂ ದಿನವನ್ನು ಪಾಳಿಯ ಹಾಗೆ ಹಂಚಿದ್ದರು: ಮೊದಲು ತಳದಲ್ಲಿ ಗಾಜಿರುವ ದೋಣಿಯಲ್ಲಿ ಕೂತು ಮೀನು ನೋಡುವುದು, ಆಮೇಲೆ ಊಟ, ಆಮೇಲೆ ಮರಳು, ಸಂಜೆ ಕೊನೆಯ ದೋಣಿಗೆ ವಾಪಸ್ಸು.

"ನಂಗೆ ಯಾಕೋ ತಲೆ ನೋಯ್ತಿದೆ ಮೇಡಂ," ಎಂದಳು ಟ್ರಂಕಮ್ಮ. "ನೀವಿಬ್ರೂ ಹೋಗ್ಬನ್ನಿ. ನಾನು ಈ ನೆರಳಲ್ಲೇ ಕೂತಿರ್ತೀನಿ."

"ಸರಿ, ಕೂತಿರು," ಎಂದರು ಮೇಡಂ. ಅವಳ ಕಡೆ ನೋಡಲೂ ಇಲ್ಲ.

ನಾವಿಬ್ಬರೂ ಗಾಜಿನ ದೋಣಿ ಹತ್ತಿದೆವು. ಕಾಲ ಕೆಳಗೆ ಹಳದಿ ಪಟ್ಟೆಯ ಮೀನುಗಳು ಸುಳಿದಾಡುತ್ತಿದ್ದವು. ನಾನು ನೋಡುತ್ತಿದ್ದದ್ದು ದಡವನ್ನು. ಟ್ರಂಕಮ್ಮ ನೆರಳಿನಿಂದ ಎದ್ದಳು, ಆಚೆ ಈಚೆ ನೋಡಿದಳು, ಚೀಲ ಎದೆಗವಚಿಕೊಂಡು ಬೀದಿಯ ಕಡೆ ಹೊರಟಳು.

"ಮೇಡಂ, ನಂಗೆ ವಾಂತಿ ಬರೋ ಹಾಗಿದೆ. ಇಳೀತೀನಿ," ಎಂದೆ.

"ದೋಣಿ ಇನ್ನೂ ಹೊರಟೇ ಇಲ್ವಲ್ಲೇ."

"ಬಂದ್ಮೇಲೆ ಕಷ್ಟ ಅಲ್ವಾ?"

ಮೇಡಂ ನನ್ನ ಮುಖವನ್ನೇ ನೋಡಿದರು. ಆಮೇಲೆ ಚೀಲ ಎತ್ತಿಕೊಂಡು ತಾವೂ ಎದ್ದರು. "ನಡಿ. ಮೀನು ನೋಡೋ ಆಸೆ ನಂಗೂ ಏನಿಲ್ಲ."

ಬೀದಿಯಲ್ಲಿ ನಾವು ನಡೆದ ಚೆಂದ ನೋಡಬೇಕಿತ್ತು. ನಾನು ಎಡಗಡೆಯ ಅಂಗಡಿಗಳಲ್ಲಿ ಕಪ್ಪೆಚಿಪ್ಪಿನ ಸರ ನೋಡುವವಳಂತೆ, ಮೇಡಂ ಬಲಗಡೆಯಲ್ಲಿ ಬುಟ್ಟಿ ನೋಡುವವರಂತೆ. ಇಬ್ಬರ ಕಣ್ಣೂ ಮುಂದೆ ಹೋಗುತ್ತಿದ್ದ ಟ್ರಂಕಮ್ಮನ ಬೆನ್ನಿನ ಮೇಲೆ. ಯಾರನ್ನು ಹಿಂಬಾಲಿಸುತ್ತಿದ್ದೇವೆ ಎಂದು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅವಳು ಒಂದು ಟೋಪಿ ಅಂಗಡಿಯ ಮುಂದೆ ನಿಂತಳು. ಬಾಗಿಲ ಮೇಲೆ ಫೋನಿನ ಚಿತ್ರ ಬರೆದಿತ್ತು. ಒಳಗೆ ಹೋದಳು. ನಾವು ಬಾಗಿಲ ಬಳಿಯ ಟೋಪಿಗಳ ಎತ್ತರದ ಸ್ಟ್ಯಾಂಡಿನ ಹಿಂದೆ ನಿಂತುಕೊಂಡೆವು.

ಅಂಗಡಿಯ ಯಜಮಾನಿ ದಪ್ಪನೆಯ ಹೆಂಗಸು, ಬೀಸಣಿಗೆ ಬೀಸುತ್ತ ಕೂತಿದ್ದಳು. ಅವಳ ಭಾಷೆ ನಮಗೆ ಬಾರದು, ನಮ್ಮದು ಅವಳಿಗೆ ಬಾರದು. ಟ್ರಂಕಮ್ಮ ಕಿವಿಗೆ ಕೈ ಹಿಡಿದು ತೋರಿಸಿದಳು. ಯಜಮಾನಿ ಟೋಪಿ ತೋರಿಸಿದಳು. ಫೋನು ಬೇಕಾದರೆ ಟೋಪಿ ಕೊಳ್ಳಬೇಕು, ಅಲ್ಲಿಯ ಕಾನೂನು ಅದು. ಟ್ರಂಕಮ್ಮ ತಲೆಯಾಡಿಸಿದಳು. ಗಲ್ಲಾಪೆಟ್ಟಿಗೆಯ ಪಕ್ಕದಿಂದ ಫೋನು ಬಂತು. ಅಯ್ಯೋ, ಅದೇ ಬರಬೇಕೇ! ಕಪ್ಪು ಬಣ್ಣದ, ಸುರುಳಿ ವೈರಿನ, ಭಾರದ ರಿಸೀವರಿನ ಹಳೆಯ ಫೋನು.

ಅವಳು ಮಗಳ ನಂಬರನ್ನು ಒತ್ತಿದಳು. ಬೇರೆ ದೇಶದ ಉದ್ದನೆಯ ನಂಬರು, ಬಾಯಿಪಾಠ. ಬೆನ್ನು ನೇರವಾಯಿತು, ಎಡಗೈ ತಾನಾಗಿ ಮೇಜಿನ ಮೇಲೆ ಕೀ ಹುಡುಕುತ್ತಿತ್ತು. ಆ ಕಡೆ ಮಗಳು "ಹಲೋ" ಎಂದಿರಬೇಕು.

"ಮಾತಾಡಿ," ಎಂದಳು ಟ್ರಂಕಮ್ಮ ಆ ಒಡೆದ ದನಿಯಲ್ಲಿ, ಮತ್ತು ರಿಸೀವರನ್ನು ಇಟ್ಟುಬಿಟ್ಟಳು.

ಇಟ್ಟ ಮೇಲೆ ತಾನು ಮಾಡಿದ್ದು ತಿಳಿಯಿತು. ಹಣೆ ಚಚ್ಚಿಕೊಂಡಳು. ಮತ್ತೆ ನಂಬರು ಒತ್ತಿದಳು, ಈ ಸಲ ತುಟಿ ಬಿಗಿಹಿಡಿದು. ನಾನು ಟೋಪಿಗಳ ಹಿಂದೆ ನಿಂತು, ಅನ್ನಬೇಡ ಕಣೇ, ಅನ್ನಬೇಡ ಕಣೇ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

"ಮಾತಾಡಿ," ಎಂದಳು. ಇಟ್ಟಳು.

ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅಭ್ಯಾಸವೂ ಇತ್ತು, ನಿಜ. ಆದರೆ ಆ ಕಡೆಯಿಂದ ಏನು ಬರುತ್ತದೋ ಎಂಬ ಹೆದರಿಕೆ ಆ ಅಭ್ಯಾಸದ ಜೊತೆ ಕೈಜೋಡಿಸಿತ್ತು. ಊರಿನ ಎಷ್ಟೋ ಕೆಟ್ಟ ಸುದ್ದಿಗಳಿಗೆ ಬಾಗಿಲು ತೆಗೆದುಕೊಟ್ಟು ಪಕ್ಕಕ್ಕೆ ಸರಿದವಳು. ಈಗ ಬಾಗಿಲು ಅವಳದೇ, ಸರಿಯುವುದೆಲ್ಲಿಗೆ? ಮೂರನೆಯ ಸಲ ಒತ್ತಿದಳು. ಎಂಗೇಜ್. ಮತ್ತೆ ಒತ್ತಿದಳು. ಮತ್ತೆ ಎಂಗೇಜ್. ಟೋಪಿಗಳ ಬುಟ್ಟಿಯ ಮೇಲೆ ಕುಸಿದು ಕೂತಳು, ಕೂತಲ್ಲೇ ಮತ್ತೆ ಫೋನಿಗೆ ಕೈ ಹಾಕಿದಳು.

"ಕೈ ತೆಗಿ!"

ಎಕ್ಸ್‌ಚೇಂಜ್ ಮುಚ್ಚಿದ ಮೇಲೆ ಆ ದನಿಯನ್ನು ನಾನು ಕೇಳಿರಲಿಲ್ಲ. ಮೇಡಂ ಸ್ಟ್ಯಾಂಡನ್ನು ತಳ್ಳಿಕೊಂಡು ಒಳಗೆ ನುಗ್ಗಿದ್ದರು. ಎರಡು ಟೋಪಿ ನೆಲಕ್ಕೆ ಬಿದ್ದವು. ಟ್ರಂಕಮ್ಮ ಅಭ್ಯಾಸಬಲದಿಂದ ಎದ್ದೇ ನಿಂತುಬಿಟ್ಟಳು.

"ಅವಳು ಈ ನಂಬರಿಗೆ ವಾಪಸ್ ಮಾಡ್ತಿದ್ದಾಳೆ. ನೀನೂ ಒತ್ತುತಾ ಇದ್ದೀಯ. ಇಬ್ರೂ ಒಟ್ಟಿಗೆ ಒತ್ತಿದ್ರೆ ಏನಾಗತ್ತೆ?"

"ಎಂಗೇಜ್ ಬರತ್ತೆ, ಮೇಡಂ," ಎಂದಳು ಟ್ರಂಕಮ್ಮ, ಸ್ಕೂಲು ಹುಡುಗಿಯ ಹಾಗೆ.

"ಇದನ್ನ ನಾನು ಹೇಳ್ಕೊಡಬೇಕಾ ನಿಂಗೆ? ಕೂತ್ಕೋ. ಕಾಯಿ."

ಕೂತಳು. ನಾನು ಹೋಗಿ ಅದೇ ಬುಟ್ಟಿಯ ಮೇಲೆ ಅವಳಿಗೆ ಒತ್ತಿಕೊಂಡು ಕೂತೆ. ಬುಟ್ಟಿಯೊಳಗಿನ ಟೋಪಿಗಳು ಚಪ್ಪಟೆಯಾಗುವುದು ಕೇಳಿಸಿತು. ಯಜಮಾನಿ ಬೀಸಣಿಗೆ ನಿಲ್ಲಿಸಿದಳು. ನಾನು ಟ್ರಂಕಮ್ಮನ ಕೈ ಹಿಡಿದುಕೊಂಡೆ. ಆ ಸೆಖೆಯಲ್ಲೂ ಅದು ತಣ್ಣಗಿತ್ತು.

"ನೀವು ಮೀನು ನೋಡೋಕೆ ಹೋಗಿದ್ರಲ್ವಾ?" ಎಂದಳು ಮೆಲ್ಲಗೆ.

"ನೋಡಾಯ್ತು," ಎಂದೆ.

ಫೋನು ಬಡಿದುಕೊಂಡಿತು. ನಮ್ಮ ಮೂವರಲ್ಲಿ ಯಾರೂ ಮಿಸುಕಾಡಲಿಲ್ಲ. ಟ್ರಂಕಮ್ಮ ನನ್ನ ಕೈಯನ್ನು ಹಿಂಡುತ್ತಿದ್ದಳು. "ನನ್ ಕೈಲಾಗಲ್ಲ ಮೇಡಂ," ಎಂದಳು. "ಎತ್ತಿದ್ರೆ ಮತ್ತೆ ಅದೇ ಅಂದ್ಬಿಡ್ತೀನಿ."

ಮೇಡಂ ರಿಸೀವರ್ ಎತ್ತಿದರು. ಆ ಕಡೆಯ ದನಿ ಯಾರದೆಂದು ಕೇಳಿಕೊಂಡರು. ಆಮೇಲೆ, ಜೀವಮಾನದಲ್ಲಿ ಒಬ್ಬರನ್ನೂ ಲೈನಿನಲ್ಲಿ ಉಳಿಯಲು ಬಿಡದ ಆ ಹೆಂಗಸು, ಕಾಲು ಸ್ವಲ್ಪ ಅಗಲಿಸಿ ಗಟ್ಟಿಯಾಗಿ ನಿಂತು, "ನಾನು ಕಣಮ್ಮ, ಮೇಡಂ ದೊಡ್ಡಮ್ಮ," ಎಂದರು. "ನಿಮ್ಮಮ್ಮ ಇಲ್ಲೇ ಇದ್ದಾಳೆ. ನಂಗೆ ಹೇಳು. ನಾನು ಕೇಳ್ತೀನಿ."

ಕೇಳಿದರು. ಆಪರೇಟರುಗಳ ಮುಖದಲ್ಲಿ ಏನೂ ಕಾಣುವುದಿಲ್ಲ, ನಮ್ಮನ್ನು ತಯಾರು ಮಾಡಿದ್ದೇ ಹಾಗೆ. ಅವರ ಮುಖ ನೋಡಿ ನೋಡಿ ನನ್ನ ಕಣ್ಣು ನೋವಾಯಿತು, ಒಂದು ಗೆರೆಯೂ ಅಲ್ಲಾಡಲಿಲ್ಲ. ಆಮೇಲೆ ಅವರು ಹಳೆಯ ಪದ್ಧತಿಯಂತೆ, ಕೇಳಿದ್ದನ್ನು ಸರಿಯಾಗಿದೆಯೇ ಎಂದು ಒಂದೊಂದಾಗಿ ತಿರುಗಿ ಹೇಳತೊಡಗಿದರು.

"ರಿಪೋರ್ಟ್ ಬಂತು. ಸರಿ. ಕೆಟ್ಟದ್ದು ಏನೂ ಇಲ್ಲ. ಇನ್ನೊಂದ್ಸಲ ಹೇಳು. ಕೆಟ್ಟದ್ದು, ಏನೂ, ಇಲ್ಲ. ಬರೀ ಗಂಟು. ದನಿ ವಿಪರೀತ ಬಳಸಿದ್ದಕ್ಕೆ ಬಂದಿರೋ ಗಂಟು. ಗಂಟಲಿಗೆ ರೆಸ್ಟ್ ಕೊಟ್ರೆ ಕರಗತ್ತೆ. ಡಾಕ್ಟರೇ ಹೇಳಿದ್ದಾ? ಅವರ ಬಾಯಿಂದ್ಲೇ ಕೇಳಿದ್ಯಾ? ಸರಿ."

ಕೊನೆಯ "ಸರಿ" ಹೇಳುವಾಗ ಅವರ ಗಲ್ಲ ನಡುಗಿತು. ಗೋಡೆಯ ಕಡೆ ತಿರುಗಿಕೊಂಡು, ಹಿಂದಕ್ಕೆ ಕೈ ಚಾಚಿ ರಿಸೀವರನ್ನು ಟ್ರಂಕಮ್ಮನಿಗೆ ಕೊಟ್ಟರು. "ತಗೋ. ಮಗಳು. ಇಟ್ಬಿಟ್ಟೀಯ, ಜೋಕೆ!"

ಟ್ರಂಕಮ್ಮ ಇಡಲಿಲ್ಲ. ಎರಡು ಕೈಯಿಂದಲೂ ಹಿಡಿದುಕೊಂಡಳು. ಬರೀ ಹೂಂ ಹೂಂ ಎಂದು ಅಳುತ್ತಿದ್ದಳು, ಆ ಕಡೆಯಿಂದ ಮಗಳು ಅಳುವುದು ನನಗೂ ಕೇಳಿಸುತ್ತಿತ್ತು. "ಎರಡು ಸಲ 'ಮಾತಾಡಿ' ಅಂತ ಇಟ್ಯಲ್ಲಮ್ಮ, ಆ ದನಿ ನಿಂದೇ ಅಂತ ಗೊತ್ತಾಯ್ತು, ನಂಗೆ ಜೀವ ಬಾಯಿಗೆ ಬಂತು," ಎನ್ನುತ್ತಿದ್ದಳು ಮಗಳು. ಬೇಕೆಂದೇ ಕೇಳಿದೆ, ಕಿವಿ ಹತ್ತಿರ ತಂದು ಕೇಳಿದೆ. ಒಂದು ಮಾತೂ ಬಿಡಲಿಲ್ಲ. ನನಗೂ ಅಳು ಒತ್ತರಿಸಿಕೊಂಡು ಬಂತು. ಹಡಗು ಹತ್ತಿದಾಗಿನಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದು, ಮೈಯೆಲ್ಲ ಹಗುರವಾಗಿ, ಜೊತೆಗೆ ವಿಪರೀತ ಹಸಿವೂ ಆಯಿತು.

ಟೋಪಿಯ ಯಜಮಾನಿಗೆ ಏನು ಅರ್ಥವಾಯಿತೋ, ಮೂವರು ಮುದುಕಿಯರು ಒಟ್ಟಿಗೆ ಅಳುವುದನ್ನು ನೋಡಿ ತಾನೂ ಕಣ್ಣೊರೆಸಿಕೊಂಡಳು. ಆಮೇಲೆ ಬುಟ್ಟಿಯ ಕಡೆ ಕೈ ತೋರಿಸಿದಳು. ಅಳು ಬೇರೆ, ವ್ಯಾಪಾರ ಬೇರೆ. ನಮ್ಮ ಭಾರಕ್ಕೆ ಅಪ್ಪಚ್ಚಿಯಾಗಿದ್ದ ಮೂರು ಟೋಪಿಗಳನ್ನು ಕೊಂಡು, ಸೊಟ್ಟಗಿದ್ದ ಹಾಗೇ ತಲೆಗೆ ಹಾಕಿಕೊಂಡು ಹೊರಗೆ ಬಂದೆವು. ಇಷ್ಟು ಸಂತೋಷವಾಗಿ ಯಾರೂ ಟೋಪಿ ಹಾಕಿಸಿಕೊಂಡಿರಲಾರರು.

ಆ ಮಧ್ಯಾಹ್ನ ನಾವು ಕುಣಿಯದೆ ಉಳಿದದ್ದು ಮೇಡಂ ಮೊಣಕಾಲಿನ ದೆಸೆಯಿಂದ. ಮರದ ಕೆಳಗೆ ಕೂತು ಹೊಟ್ಟೆ ಬಿರಿಯುವಷ್ಟು ತಿಂದೆವು. ಚಪ್ಪಲಿ ಕೈಯಲ್ಲಿ ಹಿಡಿದು, ಬಟ್ಟೆ ಎತ್ತಿಕೊಂಡು ನೀರಿಗಿಳಿದೆವು. ನೀರು ಬೆಚ್ಚಗಿತ್ತು, ಸ್ನಾನಕ್ಕೆ ಕಾಯಿಸಿಟ್ಟ ಹಾಗೆ. ಹಿಮ್ಮಡಿಯ ಕೆಳಗಿನ ಮರಳನ್ನು ಅಲೆ ಎಳೆದುಕೊಂಡಾಗ ನಾನು ಕಿರುಚಿದೆ, ಟ್ರಂಕಮ್ಮ ನನ್ನನ್ನು ಹಿಡಿಯಲು ಬಂದು ತಾನೇ ದೊಪ್ಪನೆ ಕೂತುಬಿಟ್ಟಳು. ಕುತ್ತಿಗೆವರೆಗೆ ನೀರು, ಅದರ ಮೇಲೆ ಸೊಟ್ಟ ಟೋಪಿ. ಏಳಲಿಲ್ಲ. ಅಲೆ ಬಂದು ಅವಳನ್ನು ಎತ್ತುತ್ತಿತ್ತು, ಇಳಿಸುತ್ತಿತ್ತು, ಅವಳು ಕಣ್ಣು ಮುಚ್ಚಿಕೊಂಡು ನಗುತ್ತಿದ್ದಳು. ಲೈನ್‌ಮನ್ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

"ಮಾತಾಡಬೇಡ," ಎಂದು ಮೇಡಂ ದಡದಿಂದ ಕೂಗಿದರು. "ಡಾಕ್ಟರ್ ಹೇಳಿದ್ದಾರೆ. ಬಾಯಿ ತೆಗೆದ್ರೆ ಮೆಮೊ ಕೊಡ್ತೀನಿ!"

ಕೊನೆಯ ದೋಣಿಯಲ್ಲಿ ನಾವು ಹಿಂದಿನ ಹಲಗೆಯ ಮೇಲೆ ಕೂತೆವು, ಟ್ರಂಕಮ್ಮ ನಡುವೆ. ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ದಡ ಚಿಕ್ಕದಾಗುತ್ತಿತ್ತು. ಟ್ರಂಕಮ್ಮ ನನ್ನನ್ನು ಮೊಣಕೈಯಿಂದ ತಿವಿದಳು.

"ನಿಂಗೆ ಯಾವಾಗಿಂದ ಗೊತ್ತು?" ಎಂದಳು ಪಿಸುದನಿಯಲ್ಲಿ.

"ಸ್ವೆಟರ್ ಬೇಡ ಅಂದ್ಯಲ್ಲ, ಆವತ್ತಿಂದ."

"ಮೇಡಂ, ನಿಮ್ಗೆ?"

"ಹಡಗು ಹತ್ತಿದ ಮೊದಲ ದಿನದ ಹಲೋ ಕೇಳ್ದಾಗ್ಲೇ. ನಿಮ್ಮೆಲ್ಲರ ಗಂಟಲು ಕೇಳ್ಕೊಂಡೇ ಸಂಬಳ ತಗೊಂಡವಳು ನಾನು. ಏಸಿ ಗಾಳಿಯಂತೆ, ಏಸಿ ಗಾಳಿ!"

"ಮತ್ತೆ ಇಬ್ರೂ ಒಂದು ಮಾತು ಕೇಳಲಿಲ್ಲ."

"ನೀನು ಹೇಳಿದ್ಯಾ?" ಎಂದೆ ನಾನು, ಸ್ವಲ್ಪ ಸಿಟ್ಟಿನಿಂದಲೇ. ಸಿಟ್ಟು ನನಗೆ ನಿಜವಾಗಿಯೂ ಬಂದಿತ್ತು. ಇಷ್ಟು ದಿನ ಮೂವರೂ ಒಂದೇ ಕೋಣೆಯಲ್ಲಿ, ಒಂದೇ ಹೆದರಿಕೆಯನ್ನು ಮೂರು ಪಾಲು ಮಾಡಿಕೊಂಡು, ಬೇರೆ ಬೇರೆಯಾಗಿ ಒಬ್ಬೊಬ್ಬರೇ ತಿಂದಿದ್ದೆವು.

ದೋಣಿಯ ಎಂಜಿನ್ನು ಗುಡುಗುಡು ಎನ್ನುತ್ತಿತ್ತು. ಮೇಡಂ ತಮ್ಮ ಟೋಪಿಯನ್ನು ತೆಗೆದು, ಅದರ ಅಂಚನ್ನು ಸುಮ್ಮನೆ ಸರಿಮಾಡುತ್ತ ಕೂತಿದ್ದರು. ಆಮೇಲೆ ನಮ್ಮಿಬ್ಬರನ್ನೂ ನೋಡದೆ, ನೀರಿನ ಕಡೆ ಮುಖ ಮಾಡಿ, "ನಂಗೂ ಒಂದು ವಿಷಯ ಇದೆ," ಎಂದರು. "ಮುಂದಿನ ತಿಂಗಳು ಮೊಣಕಾಲಿನ ಆಪರೇಷನ್. ಅದಲ್ಲ. ಆಪರೇಷನ್ ಆದ್ಮೇಲೆ ಮನೇಲಿ ನೋಡ್ಕೊಳ್ಳೋರು ಯಾರೂ ಇಲ್ಲ. ಯಾರಿಗೂ ಹೇಳಿಲ್ಲ ನಾನು. ನಂಗೆ..." ಎಂದು ಅಲ್ಲಿಗೇ ನಿಲ್ಲಿಸಿಬಿಟ್ಟರು.

ಇಷ್ಟು ವರ್ಷ ಬೆನ್ನ ಹಿಂದೆ ನಿಂತವರು ಹೀಗೆ ಪಕ್ಕದಲ್ಲಿ ಕೂತು ಮಾತು ಕಳೆದುಕೊಂಡದ್ದನ್ನು ನಾನು ಮೊದಲ ಸಲ ನೋಡಿದೆ.

ಟ್ರಂಕಮ್ಮ ಮೇಡಂ ಕಡೆ ಪೂರ್ತಿ ತಿರುಗಿದಳು. ಅವರ ಕೈಯಿಂದ ಟೋಪಿ ತೆಗೆದು ಪಕ್ಕಕ್ಕಿಟ್ಟು, ಒದ್ದೆ ಕೈಯಿಂದ ಅವರ ಕೈ ಹಿಡಿದುಕೊಂಡಳು. ಡಾಕ್ಟರು ಬೇಡವೆಂದಿದ್ದ ಆ ಒಡಕು ಗಂಟಲನ್ನು ಸರಿಮಾಡಿಕೊಂಡಳು.

"ಮಾತಾಡಿ," ಎಂದಳು.

ಎಂದು, ಅಲ್ಲೇ ಉಳಿದಳು.